ಒಲೆಯ ಮಾಸ್ತರರು ಮಗಳನ್ನು ಕೇಳದ ಪ್ರಶ್ನೆ

ಹೊರಗೆ ನಲವತ್ತೈದು ಡಿಗ್ರಿ ಬಿಸಿಲು. ಒಳಗೆ ಮನೆ ಬೆಚ್ಚಗಾಗಿಸುವ ಒಲೆಯನ್ನು ಹಚ್ಚಿ, ಅದರ ಎದುರು ಸ್ಟೂಲ್ ಹಾಕಿಕೊಂಡು, ತುಂಬುತೋಳಿನ ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿ ಕೂತ ಮನುಷ್ಯ. ಹೀಗೆ ಕೂರುವವರನ್ನು ನಾನು ಜೀವಮಾನದಲ್ಲಿ ಒಬ್ಬರನ್ನೇ ನೋಡಿದ್ದು. ಅವರು ಹೋಗಿಬಿಟ್ಟರೆಂದು ನಮ್ಮ ಹಳೆಯ ಮಾಲೀಕರು ಕಳೆದ ತಿಂಗಳು ಭಟ್ಕಳದಿಂದ ಫೋನ್ ಮಾಡಿದರು. ಕಾರ್ಕಳದ ಹತ್ತಿರ ಅವರ ಊರಿನ ಇಗರ್ಜಿಯಲ್ಲೇ ಮಣ್ಣಾಯಿತಂತೆ. ಮಾತು ಮುಗಿಸುವಾಗ ಮಾಲೀಕರು, "ಎಷ್ಟು ಸತಾಯಿಸ್ತಿದ್ರು ಅಲ್ವಾ ನಮ್ಮನ್ನು" ಎಂದರು. ನಾನು ಹೌದೆಂದೆ.

ಎಲ್ಲರೂ ಅವರನ್ನು ಮಾಸ್ತರ್ ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ದುಬೈಯ ಜೆಬೆಲ್ ಅಲಿಯ ನಮ್ಮ ಗೋದಾಮಿನಲ್ಲಿ ಟೆಕ್ನಿಷಿಯನ್. ಗೋದಾಮಿಗೆ ಇಟಲಿಯಿಂದ ಪೆಲೆಟ್ ಒಲೆಗಳು ಬರುತ್ತಿದ್ದವು, ಅಲ್ಲಿಂದ ಲೆಬನಾನಿನ ಬೆಟ್ಟಗಳಿಗೆ, ಜಾರ್ಜಿಯಕ್ಕೆ, ಎಲ್ಲೆಲ್ಲಿ ಹಿಮ ಬೀಳುತ್ತದೋ ಅಲ್ಲಿಗೆಲ್ಲ ಹೋಗುತ್ತಿದ್ದವು. ಮಧ್ಯದಲ್ಲಿ ನಾವು: ಮಾಲೀಕರು ಭಟ್ಕಳದವರು, ಮಾಸ್ತರರು ಕಾರ್ಕಳದ ಕಡೆಯ ಕ್ರಿಶ್ಚಿಯನ್ನರು, ಕಾಗದಪತ್ರ ನೋಡಿಕೊಳ್ಳುವ ನಾನು ಕುಂದಾಪುರದವಳು. ಚಳಿ ಎಂದರೆ ಏನೆಂದು ಮೂವರಿಗೂ ಗೊತ್ತಿರಲಿಲ್ಲ. ಎಕ್ಸ್‌ಪೋ ಬರುತ್ತದೆ, ದುಬೈ ಇನ್ನೊಂದು ಸುತ್ತು ಬೆಳೆಯುತ್ತದೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ವರ್ಷಗಳವು. ನಾವು ಮಾತ್ರ ಬೇರೆಯವರ ಚಳಿಯನ್ನು ನಂಬಿಕೊಂಡು ಬದುಕುತ್ತಿದ್ದೆವು.

ನಾನು ಸೇರಿದ ಮೊದಲ ವಾರ ಆ ಒಲೆ ನೋಡಿ ನಗು ಬಂದಿತ್ತು. ನಮ್ಮ ಕಡೆ ಒಲೆ ಎಂದರೆ ಬೆಂಕಿ, ಊದುಕೊಳವೆ, ಮಸಿ. ಇದು ಗೋದ್ರೆಜ್ ಬೀರುವಿನ ತಮ್ಮನಂತೆ ಹೊಳೆಯುತ್ತ ನಿಂತಿತ್ತು. ಮರದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್ ಎಂಬ ಪುಟ್ಟ ಗುಳಿಗೆಗಳನ್ನು ಮೇಲಿನ ಡಬ್ಬಕ್ಕೆ ಸುರಿಯಬೇಕು. ಒಳಗಿನ ಸ್ಕ್ರೂ ತಿರುಗಿ ಸ್ವಲ್ಪ ಸ್ವಲ್ಪವೇ ಕೆಳಗಿನ ಬಟ್ಟಲಿಗೆ ಉದುರಿಸುತ್ತದೆ, ಅದೇ ಹೊತ್ತಿಕೊಳ್ಳುತ್ತದೆ, ಒಂದು ಫ್ಯಾನು ಹೊಗೆಯನ್ನು ಎಳೆದು ಕೊಳವೆಯಿಂದ ಮನೆಯ ಹೊರಗೆ ಕಳಿಸುತ್ತದೆ. "ಕೋಳಿ ಫೀಡ್ ತಿನ್ನುವ ಒಲೆ" ಎಂದೆ. ಮಾಸ್ತರರು ನಗಲಿಲ್ಲ.

"ಹಚ್ಚುವುದು ಹೇಗೆ ಗೊತ್ತುಂಟಾ ನಿಮಗೆ?" ಎಂದು ಕೇಳಿದರು.

"ಬಟನ್ ಒತ್ತುದಲ್ದಾ?"

"ಆರಿಸುವುದು ಹೇಗೆ?"

"ಅದೂ ಬಟನ್ನೇ ಅಲ್ದಾ ಮಾಸ್ಟ್ರೇ. ಇಲ್ಲದಿದ್ರೆ ಪ್ಲಗ್ ಎಳ್ಕಂಡ್ರೆ ಆಯ್ತ್."

ಅವರು ಎದ್ದು ನಿಂತರು. ಬರೀ ಗುಮಾಸ್ತೆಗೆ ಇಷ್ಟೆಲ್ಲ ಯಾಕೆ ಎಂದು ಯೋಚಿಸದೆ, ಅರ್ಧ ಗಂಟೆ ನಿಲ್ಲಿಸಿ ಪಾಠ ಮಾಡಿದರು. ಬಟನ್ ಒತ್ತಿದರೆ ಒಲೆ ತಕ್ಷಣ ಆರುವುದಿಲ್ಲ. ಗುಳಿಗೆ ಬೀಳುವುದು ನಿಲ್ಲುತ್ತದೆ, ಬಟ್ಟಲಿನಲ್ಲಿ ಉಳಿದದ್ದು ಉರಿದು ಮುಗಿಯಬೇಕು, ಅಲ್ಲಿಯವರೆಗೂ ಫ್ಯಾನು ಹೊಗೆ ಎಳೆಯುತ್ತಲೇ ಇರಬೇಕು. ಪ್ಲಗ್ ಎಳೆದರೆ ಅಥವಾ ಗೋಡೆಯ ಸ್ವಿಚ್ ಆರಿಸಿದರೆ ಬೆಂಕಿ ಸಾಯುವುದಿಲ್ಲ, ಸಾಯುವುದು ಫ್ಯಾನು. ಆಮೇಲೆ ಹೊಗೆ ದಾರಿ ಹುಡುಕಿಕೊಂಡು ಕೋಣೆಗೇ ಬರುತ್ತದೆ. ಕಣ್ಣಿಗೆ ಕಾಣುವ ಹೊಗೆಯಾದರೆ ಕೆಮ್ಮಿಯಾದರೂ ಏಳುತ್ತೇವೆ. ಅದರ ಜೊತೆ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

"ಹಚ್ಲಿಕ್ಕೆ ಎಲ್ಲರಿಗೂ ಬರ್ತದೆ. ಆರಿಸ್ಲಿಕ್ಕೆ ಬರುವವ ಮಾತ್ರ ಒಲೆ ಇಟ್ಕೊಳ್ಬೇಕು" ಎಂದು ಸ್ಟೂಲಿನ ಮೇಲೆ ಮತ್ತೆ ಕೂತರು.

ಅದು ಅವರ ಪರೀಕ್ಷೆ. ಒಲೆ ಕೊಳ್ಳಲು ಯಾರೇ ಬರಲಿ, ಮಾಲೀಕರು ಖಹ್ವಾ ಕಾಫಿ, ಖರ್ಜೂರ ಕೊಟ್ಟು ಮಾತು ಮುಗಿಸಿದ ಮೇಲೆ ಮಾಸ್ತರರ ಮುಂದೆ ಹಾಜರಾಗಲೇಬೇಕು. ಒಮ್ಮೆ ಲೆಬನಾನಿನ ಒಬ್ಬ ವ್ಯಾಪಾರಿ, ಅಜ್ಜನ ಕಾಲದಿಂದ ತಾವು ಬೆಂಕಿಯ ಮುಂದೆಯೇ ಬೆಳೆದವರೆಂದು ನಕ್ಕ. ಮಾಸ್ತರರು ತಮ್ಮ ಹರಕುಮುರುಕು ಅರಬ್ಬಿಯಲ್ಲಿ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿದರು. ಆತ ತಪ್ಪು ಉತ್ತರ ಕೊಟ್ಟ. ಅರ್ಧ ಗಂಟೆಯ ಪಾಠ ಕೇಳಿ, ಹೋಗುವಾಗ ಮಾಸ್ತರರ ಭುಜ ತಟ್ಟಿ ಹೋದ. ಮಾಲೀಕರು ಮಾತ್ರ ಹಣೆ ಒತ್ತಿಕೊಂಡು ಕೂತಿದ್ದರು. ಗಿರಾಕಿಯನ್ನು ಫೇಲ್ ಮಾಡುವ ಅಂಗಡಿ ದುಬೈಯಲ್ಲಿ ತಮ್ಮದೊಂದೇ ಎಂದು ಅವರ ಕೊರಗು.

ಗೋದಾಮಿನ ಹಿಂದೆ ತಗಡಿನ ಒಂದು ಕೋಣೆ ಅವರ ಟೆಸ್ಟ್ ರೂಮು. ಪ್ರತಿ ಹೊಸ ಮಾಡೆಲಿನ ಒಂದು ಒಲೆಯನ್ನು ಅಲ್ಲಿ ಹಚ್ಚಿ ನೋಡದೆ ಕಂಟೇನರ್ ಹೊರಡುವಂತಿರಲಿಲ್ಲ. ಆಗಸ್ಟಿನಲ್ಲಿ ಆ ಕೋಣೆಯ ಬಾಗಿಲ ಬಳಿ ಹೋದರೆ ನನ್ನ ಕನ್ನಡಕ ಮಬ್ಬಾಗುತ್ತಿತ್ತು. ಅವರು ಒಳಗೆ ಕೂತು, ಒಲೆಯನ್ನು ಹುಡುಗನೋ ಎಂಬಂತೆ "ಇವ ಜೋರು ತಿಂತಾನೆ", "ಇವನಿಗೆ ಉಸಿರು ಸಾಲುದಿಲ್ಲ" ಎಂದು ಬರೆದುಕೊಳ್ಳುತ್ತಿದ್ದರು. ಸಮುದ್ರದ ಪಸೆಗೆ ಗುಳಿಗೆ ಚೀಲದಲ್ಲೇ ಉಬ್ಬುತ್ತದೆಂದು ಪ್ರತಿ ಚೀಲದಿಂದ ಒಂದು ತೆಗೆದು ಕಿವಿಯ ಹತ್ತಿರ ಮುರಿಯುವರು. ಟಕ್ಕೆಂದರೆ ಒಣಗಿದೆ. ಮೆತ್ತಗೆ ಬಾಗಿದರೆ ಇಡೀ ಚೀಲ ಹೊರಗೆ. ಬೆಂಕಿ ಹತ್ತದೆ ಗುಳಿಗೆ ಬಟ್ಟಲಲ್ಲಿ ರಾಶಿ ಬಿದ್ದಿದ್ದರೆ ಮತ್ತೆ ಬಟನ್ ಒತ್ತಲು ಬಿಡುತ್ತಿರಲಿಲ್ಲ. ಒಲೆ ತಣ್ಣಗಾದ ಮೇಲೆ ಬಟ್ಟಲು ಖಾಲಿ ಮಾಡಿಯೇ ಮುಂದಿನ ಮಾತು. ತೆಗೆದ ಬೂದಿ ಮುಚ್ಚಳವಿರುವ ಕಬ್ಬಿಣದ ಬಾಲ್ದಿಗೆ, ಬಾಲ್ದಿ ಅಂಗಳದ ಕಾಂಕ್ರೀಟಿನ ಮೇಲೆ, ಮೂರು ದಿನ ಯಾರೂ ಮುಟ್ಟುವಂತಿಲ್ಲ.

ನನಗೂ ಅವರಿಗೂ ನಿತ್ಯ ಜಗಳವಾಗುತ್ತಿದ್ದದ್ದು ಕಾಗದದ ವಿಷಯಕ್ಕೆ. ಒಲೆಯ ಬಾಗಿಲ ಸುತ್ತ ಹಗ್ಗದಂಥ ಒಂದು ಪಟ್ಟಿ ಇರುತ್ತದೆ, ಹೊಗೆ ಸೋರದಿರಲಿ ಎಂದು. ಅದು ಬಿಗಿಯಾಗಿದೆಯೇ ಎಂದು ನೋಡಲು, ತಣ್ಣಗಿರುವ ಒಲೆಯ ಬಾಗಿಲಿಗೆ ಒಂದು ತುಂಡು ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಬೇಕು. ಸಲೀಸಾಗಿ ಬಂದರೆ ಪಟ್ಟಿ ಸಡಿಲ. ಒಳ್ಳೆಯದು. ಆದರೆ ಅದಕ್ಕೆ ನನ್ನ ಪ್ರಿಂಟರಿನ ಹೊಸ ಕಾಗದವೇ ಬೇಕೇ? ರದ್ದಿಯಾದ ಇನ್‌ವಾಯ್ಸ್ ಕೊಟ್ಟರೆ ಮುದುಡಿದೆ ಎಂದು ವಾಪಸು ಕಳಿಸುವರು. ಒಂದು ದಿನ ಸಿಟ್ಟಿಗೆ ನಾನು ಕಪಾಟಿಗೆ ಬೀಗ ಹಾಕಿದೆ. ಸಂಜೆಯ ಹೊತ್ತಿಗೆ ಮಾಲೀಕರೇ ಕೀಲಿ ಕೇಳಲು ಬಂದರು. "ಕೊಡಿ ಮಾರಾಯ್ತಿ. ಕಂಟೇನರ್ ನಿಂತಿದೆ, ಇವರು ಕಾಗದ ಎಳೀದೆ ಬಿಡೋದಿಲ್ಲ. ಯಲ್ಲಾ, ಖಲಾಸ್ ಮಾಡಿ" ಎಂದರು.

ಕೊಂಡವರಿಗೆ ಕೊಡಲು ಒಂದು ಪುಟದ ಸೂಚನೆ ಬರೆದದ್ದು ನಾವಿಬ್ಬರು ಸೇರಿ. ಕಂಪನಿಯ ದಪ್ಪ ಪುಸ್ತಕವನ್ನು ಯಾರೂ ಓದುವುದಿಲ್ಲ ಎಂಬುದು ಅವರ ವಾದ. ಅವರು ಹೇಳುವುದು, ನಾನು ಟೈಪ್ ಮಾಡುವುದು. 'ಒಲೆಯ ಹತ್ತಿರ ಬಟ್ಟೆ ಒಣಗಿಸಬೇಡಿ' ಎಂದು ನಾನು ಮುಗಿಸಿದರೆ, "ಯಾಕೆ ಅಂತ ಹಾಕಿ" ಎನ್ನುವರು. 'ಗುಳಿಗೆ ಬಿಟ್ಟು ಬೇರೇನೂ ಹಾಕಬೇಡಿ' ಎಂದರೆ ಮತ್ತೆ, "ಯಾಕೆ ಅಂತ ಹಾಕಿ." ಪುಟ ಉದ್ದವಾಗುತ್ತದೆಂದು ನಾನು ರೇಗಿದಾಗ ಅವರು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಕಾರಣ ಹೇಳದೆ ಕಲಿಸಿದ್ದು ಮನುಷ್ಯ ಎಲ್ಲಾ ಕಡೆ ಮಾಡ್ತಾನೆ. ಬೇಕಾದ ಕಡೆಯೂ ಮಾಡ್ತಾನೆ, ಬೇಡದ ಕಡೆಯೂ ಮಾಡ್ತಾನೆ." ಆಗ ಅದನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರ ಕಾಟ ಗೋದಾಮಿಗೆ ಮಾತ್ರ ಮೀಸಲಾಗಿರಲಿಲ್ಲ. ಒಂದು ಡಿಸೆಂಬರಿನಲ್ಲಿ ಕಂಪನಿಯವರೆಲ್ಲ ಮದೀನತ್ ಜಾಯೆದ್ ಊರು ದಾಟಿ ಮರಳಿನಲ್ಲಿ ಡೇರೆ ಹಾಕಲು ಹೋಗಿದ್ದೆವು. ಸಂಜೆ ಗಾಳಿ ತಣ್ಣಗಾಯಿತೆಂದು ಯಾರೋ ಮಾಂಸ ಸುಟ್ಟ ಇದ್ದಿಲಿನ ತಟ್ಟೆಯನ್ನು ಡೇರೆಯೊಳಗೆ ತಂದಿಟ್ಟು, ಮಕ್ಕಳಿಗೆ ಚಳಿಯೆಂದು ಬಾಗಿಲ ಬಟ್ಟೆ ಇಳಿಬಿಟ್ಟರು. ಹಿತವಾಗಿತ್ತು. ಮಾಸ್ತರರು ಒಳಗೆ ಬಂದು ಒಂದು ಮಾತಾಡದೆ ತಟ್ಟೆಯನ್ನು ಎತ್ತಿಕೊಂಡು ಹೊರಗೆ ನಡೆದರು. ಎಲ್ಲರಿಗೂ ಬೇಸರವಾಯಿತು, ನನಗೂ ಕೂಡ. ಹಿಂದೆಯೇ ಹೋಗಿ ಇಷ್ಟು ಹೊಗೆಯೂ ಇಲ್ಲದ ಕೆಂಡಕ್ಕೆ ಇಷ್ಟು ರಂಪವೇ ಎಂದು ಕೇಳಿದೆ.

"ಹೊಗೆ ಇಲ್ಲದ್ದೇ ಹೆದರಿಕೆ. ಮೊದಲು ತಲೆನೋವು, ಮತ್ತೆ ನಿದ್ದೆ. ಒಳ್ಳೆ ನಿದ್ದೆ ಬಂತು ಅಂತ ಮಲಗ್ತೀರಿ, ಅಷ್ಟೆ" ಎಂದು ಮರಳು ಮುಚ್ಚಿ ಕೆಂಡ ಆರಿಸಿದರು.

ಇಷ್ಟೆಲ್ಲ ಕಟ್ಟುನಿಟ್ಟಿನ ಮನುಷ್ಯ ಮೆತ್ತಗಾಗುತ್ತಿದ್ದದ್ದು ಮಗಳ ಮಾತು ಬಂದಾಗ. ಒಬ್ಬಳೇ ಮಗಳು. ದುಬೈಯ ಊದ್ ಮೇಥಾದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಬೆಳೆದು, ಅಲ್ಲಿನ ಶಾಲೆಯಲ್ಲೇ ಓದಿ, ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿದವಳು. ಅವಳು ನರ್ಸಿಂಗ್ ಓದುವಾಗಲೇ ತಾಯಿ ತೀರಿಹೋಗಿದ್ದರು. ಈಗ ಅವಳೂ, ನರ್ಸೇ ಆದ ಗಂಡನೂ ಐರ್ಲೆಂಡಿನ ಹಳ್ಳಿಯೊಂದರಲ್ಲಿ ಹಳೆಯ ಬಾಡಿಗೆ ಮನೆ ಹಿಡಿದಿದ್ದರು. ಮಾಸ್ತರರು ಊದ್ ಮೇಥಾದಲ್ಲೇ ಇತರರೊಂದಿಗೆ ಕೋಣೆ ಹಂಚಿಕೊಂಡು, ಒಂದು ಮಂಚದಷ್ಟೇ ಜಾಗದ ಬೆಡ್‌ಸ್ಪೇಸ್‌ನಲ್ಲಿದ್ದರು. ಕಂಪನಿಯ ಬಸ್ಸಿನಲ್ಲಿ ಬೆಳಿಗ್ಗೆ ನನ್ನ ಪಕ್ಕದ ಸೀಟು ಅವರದು. ಇಂಟರ್‌ನೆಟ್ಟಿನ ಕರೆ ದುಬೈಯಲ್ಲಿ ಬಂದ್ ಆದ್ದರಿಂದ ಅಪ್ಪ ಮಗಳ ಮಾತೆಲ್ಲ ವಾಯ್ಸ್ ಮೆಸೇಜಿನಲ್ಲೇ. ಅವರದು ಮೂರು ನಿಮಿಷದ ಕೊಂಕಣಿ. ಅವಳದು ಮೂರು ಸೆಕೆಂಡಿನ "ಓಕೆ ಡ್ಯಾಡಿ."

ಡೇರೆಗೆ ಹೋದ ಮರುವರ್ಷ ಅಕ್ಟೋಬರಿನಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು. ಅದೇ ತಿಂಗಳು ಅವಳು ಕಳಿಸಿದ ಫೋಟೋದಲ್ಲಿ ಮಗುವಿನ ಹಿಂದೆ, ಕೂರುವ ಕೋಣೆಯ ಮೂಲೆಯಲ್ಲಿ, ಒಂದು ಪೆಲೆಟ್ ಒಲೆ ನಿಂತಿತ್ತು. ಬಾಡಿಗೆ ಮನೆಯ ಜೊತೆಗೇ ಬಂದದ್ದಂತೆ. ಮಾಸ್ತರರ ಸಂತೋಷ ಹೇಳತೀರದು. ಮೊಮ್ಮಗಳನ್ನು ಎಲ್ಲರಿಗೂ ತೋರಿಸುವಾಗ ಒಲೆಯ ಮಾಡೆಲ್ಲನ್ನೂ ಹೇಳಿಯೇ ಫೋನು ಜೇಬಿಗೆ ಹಾಕುವರು. ನಮ್ಮ ಸೂಚನೆಯ ಪುಟವನ್ನೂ ಅವಳಿಗೆ ಕಳಿಸಿದರು. "ಓಕೆ ಡ್ಯಾಡಿ" ಬಂತು.

ಜನವರಿಯಲ್ಲಿ ಅವಳಿಗೆ ತಲೆನೋವು ಶುರುವಾಯಿತು. ಬೆಳಿಗ್ಗೆ ಏಳುವಾಗ ತಲೆ ಭಾರ, ಒಮ್ಮೊಮ್ಮೆ ವಾಕರಿಕೆ. ಮಗು ಹಾಲು ಕುಡಿಯದೆ ಮಂಕಾಗಿರುತ್ತದೆ. ಬಾಣಂತಿಯ ಆಯಾಸ, ನಿದ್ದೆಗೇಡು ಎಂದು ಡಾಕ್ಟರು ಹೇಳಿದರಂತೆ. ಅವಳು ನರ್ಸು, ಅವಳೂ ಹಾಗೇ ಅಂದುಕೊಂಡಳು. ಮಾಸ್ತರರು ಅಂದುಕೊಳ್ಳಲಿಲ್ಲ. ಡೇರೆಯಲ್ಲಿ ನನಗೆ ಹೇಳಿದ ತಲೆನೋವು ಮತ್ತು ನಿದ್ದೆ, ಎರಡೂ ಅವರ ಮಗಳ ಮನೆಗೆ ಬಂದಿದ್ದವು.

ಒಂದೊಂದೇ ಪ್ರಶ್ನೆ ಕಳಿಸಿದರು. ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಕಿಂಡಿ ತೆರೆದಿದೆಯೇ? ಇಲ್ಲ, ಚಳಿ ಬರುತ್ತದೆಂದು ಅದಕ್ಕೆ ಟವೆಲ್ ತುರುಕಿದ್ದರು. ನಮ್ಮವರು ಯಾರೇ ಇದ್ದರೂ ಅದನ್ನೇ ಮಾಡುತ್ತಿದ್ದರು, ಕಿಂಡಿ ಕಂಡರೆ ಮುಚ್ಚುವುದು ಚಳಿ ಕಾಣದವರ ಮೊದಲ ಕೆಲಸ. ತೆಗೆಸಿದರು. ವಿಷಗಾಳಿ ಬಂದರೆ ಕೂಗುವ ಅಲಾರಂ ಇದೆಯೇ? ಇತ್ತು, ಬ್ಯಾಟರಿ ಮುಗಿದು ಕಿರಿಕಿರಿ ಮಾಡುತ್ತಿತ್ತೆಂದು ಕಳಚಿಟ್ಟಿದ್ದರು. ಹೊಸದು ತರಿಸಲು ಹೇಳಿದರು, ತರಿಸಿದ್ದೇನೆ, ಬರುವುದರಲ್ಲಿದೆ ಎಂದಳು. ಕೊಳವೆ ಯಾವಾಗ ಕ್ಲೀನ್ ಆಗಿದ್ದು? ನವೆಂಬರಿನಲ್ಲಿ. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದು ನೋಡು. ನೋಡಿದೆ ಡ್ಯಾಡಿ, ಬಿಗಿ ಇದೆ. ಅಷ್ಟಾದರೂ ತಲೆನೋವು ಹೋಗಲಿಲ್ಲ. ಅದನ್ನು ಹಚ್ಚಲೇಬೇಡ ಎಂದು ಒಮ್ಮೆ ಗದರಿದರು. ಮೂರು ತಿಂಗಳ ಮಗುವನ್ನು ಇಟ್ಟುಕೊಂಡು ಈ ಚಳಿಯಲ್ಲಿ ಏನು ಮಾಡಲಿ ಎಂದು ಅವಳೂ ತಿರುಗಿ ಗದರಿದಳು. ಗಂಡನಿಗೆ ಆ ವಾರವಿಡೀ ನೈಟ್ ಡ್ಯೂಟಿ. ಮಲಗುವ ಕೋಣೆ ತಣ್ಣಗೆ ಕೊರೆಯುತ್ತದೆಂದು ತಾಯಿ ಮಗು ಒಲೆಯಿರುವ ಕೋಣೆಯಲ್ಲೇ ಮಲಗುತ್ತಿದ್ದರು.

ಆ ದಿನಗಳಲ್ಲಿ ನಮ್ಮ ಸೂಚನೆಯ ಪುಟಕ್ಕೆ ಹೊಸ ಮಾಡೆಲ್ ಸೇರಿಸುವುದಿತ್ತು. ಮಧ್ಯಾಹ್ನ ನಾನು ಹಳೆಯದನ್ನು ಗಟ್ಟಿಯಾಗಿ ಓದಿಕೊಂಡು ಹೋಗುತ್ತಿದ್ದೆ, ಅವರು ಎದುರು ಕೂತು ಕೇಳಿಸಿಕೊಳ್ಳುತ್ತಿದ್ದರು, ಅಥವಾ ಕೇಳಿಸಿಕೊಳ್ಳುವಂತೆ ಕೂತಿದ್ದರು. ಅವರನ್ನು ಸ್ವಲ್ಪ ನಗಿಸೋಣವೆಂದು ಕೇಳಿದೆ, "ಎಲ್ಲರನ್ನೂ ಫೇಲ್ ಮಾಡ್ತ್ರಿಯಲ್ಲ ಮಾಸ್ಟ್ರೇ, ನಿಮ್ಮ ಮಗಳಿಗೆ ಮೊದಲನೇ ಪ್ರಶ್ನೆಗೆ ಎಷ್ಟ್ ಮಾರ್ಕ್ ಬಂತ್?"

"ಯಾವ ಪ್ರಶ್ನೆ?"

"ಹೇಗೆ ಆರಿಸ್ತೆ ಅಂತ."

ಅವರು ನನ್ನನ್ನೇ ನೋಡಿದರು. "ಅವಳ ಹತ್ರ ನಾನು ಕೇಳ್ಳೇ ಇಲ್ಲ" ಎಂದರು. ಆಮೇಲೆ, ತಮಗೇ ಹೇಳಿಕೊಳ್ಳುವಂತೆ, "ನನ್ನ ಮಗಳಲ್ವಾ, ಗೊತ್ತಿರ್ತದೆ ಅಂತ" ಎಂದರು. ಆಗಲೇ ಹೊರಗೆ ಹೋಗಿ ಮೆಸೇಜ್ ಮಾಡಿದರು. ಅಂದು ಸಂಜೆಯವರೆಗೂ ಉತ್ತರ ಬರಲಿಲ್ಲ. ಮಗು ಇದ್ದ ಮನೆ, ಸಮಯ ಸಿಕ್ಕಾಗ ಹೇಳುತ್ತಾಳೆ ಎಂದು ನಾನು ಸಮಾಧಾನ ಮಾಡಿದೆ.

ಉತ್ತರವನ್ನು ನಾನೂ ಕೇಳಿದೆ. ಮರುದಿನ ಬೆಳಿಗ್ಗೆ ಬಸ್ಸು ಊದ್ ಮೇಥಾದಲ್ಲಿ ಅವರನ್ನು ಹತ್ತಿಸಿಕೊಂಡು ಶೇಖ್ ಜಾಯೆದ್ ರಸ್ತೆಗೆ ತಿರುಗಿತ್ತು. ಅವಳು ಮಲಗುವ ಮೊದಲು ಕಳಿಸಿದ್ದು, ಇವರು ಎದ್ದಾಗ ನೋಡಿರಲಿಲ್ಲ. ಒಂದು ಇಯರ್‌ಫೋನ್ ನನ್ನ ಕೈಗೆ ಕೊಟ್ಟರು. ಅವಳು ಇಂಗ್ಲಿಷಿನಲ್ಲಿ, ಖುಷಿಯಲ್ಲೇ ಹೇಳಿದ್ದಳು. ಗೋಡೆಯ ಸ್ವಿಚ್ ಡ್ಯಾಡಿ, ಇನ್ನೆಲ್ಲಿ. ಚಿಕ್ಕಂದಿನಲ್ಲಿ ನೀವು ಕಲಿಸಿದ ಹಾಗೆಯೇ ಮಲಗುವ ಮೊದಲು ಮನೆ ಸುತ್ತಿ ಎಲ್ಲ ಸ್ವಿಚ್ ಆರಿಸುತ್ತೇನೆ, ಟಿವಿ, ವೈಫೈ, ಒಲೆ, ಎಲ್ಲ. ನೀವು ನೋಡಿದರೆ ಹೆಮ್ಮೆಪಡುತ್ತೀರಿ. ಮತ್ತೆ ಬೈಯಬೇಡಿ, ಇವತ್ತು ತುಂಬ ಚಳಿ, ಟವೆಲ್ ಪುನಃ ಇಟ್ಟಿದ್ದೇನೆ. ಗುಡ್ ನೈಟ್.

ನಾನು ಗಡಿಯಾರ ನೋಡಿದೆ. ಇಲ್ಲಿ ಆರೂ ಮುಕ್ಕಾಲು, ಅಲ್ಲಿ ಇನ್ನೂ ಎರಡೂ ಮುಕ್ಕಾಲು. ಮೆಸೇಜು ಬಂದ ಹೊತ್ತು ನೋಡಿದರೆ, ತಾಯಿ ಮಗು ಆ ಕೋಣೆಯಲ್ಲಿ ಮಲಗಿ ನಾಲ್ಕು ಗಂಟೆಗಳಾಗಿದ್ದವು.

ಮಾಸ್ತರರು ಕರೆ ಮಾಡಿದರು. ಫೋನ್ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಆ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಇರುವುದು ವೈಫೈ, ಅದನ್ನೂ ಅವಳು ಆರಿಸಿದ್ದಾಳೆ. ಕಳಿಸಿದ ಮೆಸೇಜಿಗೆ ಒಂದೇ ಟಿಕ್. ಅಳಿಯನ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. ಅವರು ಮತ್ತೆ ಮತ್ತೆ ತಪ್ಪು ನಂಬರು ಒತ್ತುತ್ತಿದ್ದರು. ನಾನು ಅವರ ಕೈಯಿಂದ ಫೋನು ಕಿತ್ತುಕೊಂಡೆ ಎನ್ನಬೇಕು. ಅಳಿಯನ ಆಸ್ಪತ್ರೆಯ ಹೆಸರು ಕೇಳಿ, ಇಂಟರ್‌ನೆಟ್ಟಿನಲ್ಲಿ ನಂಬರು ಹುಡುಕಿ, ನನ್ನ ಫೋನಿನಿಂದ ಕರೆ ಮಾಡಿದೆ. ಆ ಕಡೆ ಒಬ್ಬ ಹೆಂಗಸು, ನಿದ್ದೆ ತಡೆದುಕೊಂಡ ದನಿ. ನನ್ನ ಇಂಗ್ಲಿಷ್ ಅವಳಿಗೆ, ಅವಳದು ನನಗೆ ಅರ್ಥವಾಗುವುದಕ್ಕೆ ನಿಮಿಷವೇ ಹೋಯಿತು. ವಾರ್ಡಿಗೆ ಕೊಟ್ಟಳು, ವಾರ್ಡಿನವರು ಅಳಿಯನನ್ನು ಕರೆದರು.

ಮಾಸ್ತರರು ಫೋನು ತೆಗೆದುಕೊಂಡರು. ಅಷ್ಟು ಹೊತ್ತು ತಪ್ಪು ನಂಬರು ಒತ್ತುತ್ತಿದ್ದವರು ಆಗ ಒಂದು ಮಾತೂ ತಪ್ಪಲಿಲ್ಲ. "ಕೇಳು. ಒಲೆಯ ಹೊಗೆ ಮನೆಯೊಳಗೆ ಉಂಟು. ಹತ್ರದವರಿಗೆ ಫೋನ್ ಮಾಡು, ಆಂಬ್ಯುಲೆನ್ಸಿಗೆ ಮಾಡು. ಬಾಗಿಲು ಒಡೆದಾದ್ರೂ ಇಬ್ಬರನ್ನೂ ಹೊರಗೆ ತರ್ಬೇಕು. ಒಳಗೆ ಹೋಗುವವ ಉಸಿರು ಬಿಗಿ ಹಿಡಿದು ಹೋಗಿ ಬರ್ಲಿ, ಅಲ್ಲಿ ನಿಲ್ಲುದು ಬೇಡ. ಈಗ ಮಾಡು" ಎಂದು ಕೊಂಕಣಿಯಲ್ಲಿ ಹೇಳಿ, ತಾವೇ ಕರೆ ಕಡಿದರು. ನಾನು ವಾರ್ಡಿನವರಿಗೆ ನನ್ನ ನಂಬರು ಕೊಟ್ಟಿದ್ದೆ, ಸುದ್ದಿ ಬರುವುದಿದ್ದರೆ ಅದಕ್ಕೇ ಬರಬೇಕಿತ್ತು.

ಬಸ್ಸು ಎಂದಿನಂತೆಯೇ ಸಾಗಿತು. ಹಿಂದಿನ ಸೀಟಿನವರು ನಿದ್ದೆ ಹೋಗಿದ್ದರು. ನಾನು ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಪರದೆ ಆರದಂತೆ ಮತ್ತೆ ಮತ್ತೆ ಮುಟ್ಟುತ್ತಿದ್ದೆ. ಜೆಬೆಲ್ ಅಲಿಯ ಗೇಟು ಬಂತು, ಇಳಿದೆವು, ಫೋನು ಬರಲಿಲ್ಲ.

ಗೋದಾಮಿನಲ್ಲಿ ಅವರು ಟೆಸ್ಟ್ ರೂಮಿಗೆ ಹೋಗಿ ಒಂದು ಗುಳಿಗೆ ಚೀಲದ ಮೇಲೆ ಕೂತರು. ನಾನು ಬಾಗಿಲಲ್ಲಿ ನಿಂತೆ. ವಿಷಯ ಕೇಳಿ ಮಾಲೀಕರೂ ಬಂದರು. ಆ ದಿನವೂ ಕಂಟೇನರ್ ಹೊರಡುವುದಿತ್ತು, ಅವರು ಅದರ ಮಾತೆತ್ತಲಿಲ್ಲ. ಸುಲೈಮಾನಿ ಚಹಾ ತರಿಸಿದರು, ತಾವೇ ಮಾಸ್ತರರ ಕೈಗೆ ಕೊಟ್ಟರು. ಮಾಸ್ತರರು ಅದನ್ನು ಕುಡಿಯದೆ ಹಿಡಿದುಕೊಂಡೇ ಕೂತರು.

"ಮಗಳು ಐದು ವರ್ಷದವಳು ಆಗ" ಎಂದರು. "ನಮ್ಮ ಕಟ್ಟಡದಲ್ಲಿ ಯಾರೋ ಇಸ್ತ್ರಿಪೆಟ್ಟಿಗೆ ಬಿಟ್ಟು ಹೋಗಿ ಪರದೆ ಸುಟ್ಟಿತು. ಅವತ್ತಿಂದ ಇವಳಿಗೆ ಡ್ಯೂಟಿ ಕೊಟ್ಟೆ. ಮಲಗುವ ಮೊದಲು ಎಲ್ಲಾ ಸ್ವಿಚ್ ಆರಿಸ್ಬೇಕು. ಕೈ ಎಟಕುದಿಲ್ಲ ಅಂತ ಕುರ್ಚಿ ಎಳ್ಕೊಂಡು ಹೋಗಿ ಆರಿಸ್ತಿದ್ಲು. ಯಾಕೆ ಅಂತ ಹೇಳ್ಳಿಲ್ಲ ನಾನು. ಚಿಕ್ಕ ಮಗು, ಹೆದರ್ತದೆ ಅಂತ."

"ಅದ್ ತಪ್ಪಲ್ಲ ಮಾಸ್ಟ್ರೇ" ಎಂದೆ.

"ಕಲಿಸಿದ್ದು ತಪ್ಪಲ್ಲ. ಲೆಬನಾನಿನವನ ಹತ್ರ ಕೇಳಿದ್ದನ್ನು ಅವಳ ಹತ್ರ ಕೇಳ್ಳಿಲ್ಲ. ಅದು ತಪ್ಪು."

ಅವರ ಮೇಲೆ ನನಗಿದ್ದ ಪ್ರೀತಿ ಎಷ್ಟೆಂದು ನನಗೆ ಗೊತ್ತಾದದ್ದು ಆ ಬಾಗಿಲಲ್ಲಿ ನಿಂತಾಗ. ಅಪ್ಪನಿಗೆ ಕಾಯಿಲೆಯಾದಾಗ ಕೂಡ ನಾನು ಅಷ್ಟು ಬೇಡಿಕೊಂಡಿರಲಿಲ್ಲ. ಎಲ್ಲ ದೇವರನ್ನೂ ಕರೆದೆ, ಅವರ ದೇವರನ್ನೂ ಸೇರಿಸಿ.

ಫೋನು ಬಂದಾಗ ಎಂಟು ದಾಟಿತ್ತು. ಅಳಿಯ. ಪಕ್ಕದ ಹೊಲದ ಮುದುಕ, ಅವರ ಮನೆಯೊಡೆಯನೇ, ಕಿಟಕಿ ಒಡೆದು ಇಬ್ಬರನ್ನೂ ಹೊರಗೆ ತಂದನಂತೆ. ಅವಳು ಕರೆದರೂ ಏಳಲಿಲ್ಲವಂತೆ, ಅಂಗಳದ ಗಾಳಿಗೆ ಕಣ್ಣು ಬಿಟ್ಟಳಂತೆ. ಈಗ ಆಸ್ಪತ್ರೆಯಲ್ಲಿ, ತನ್ನ ಎದುರಿಗೇ, ಇಬ್ಬರಿಗೂ ಆಕ್ಸಿಜನ್ ಕೊಟ್ಟಿದ್ದಾರೆ, ಅಪಾಯವಿಲ್ಲ ಎಂದಿದ್ದಾರೆ. ಇಷ್ಟನ್ನು ಅವನು ಒಂದೇ ಉಸಿರಿಗೆ ಹೇಳಿದ. ನಾನು ಸ್ಪೀಕರ್ ಹಾಕಿದ್ದೆ. ಮಾಲೀಕರು "ಅಲ್‌ಹಮ್ದುಲಿಲ್ಲಾ" ಎಂದು ಗೋಡೆಗೆ ಒರಗಿದರು.

ಮಾಸ್ತರರ ಮುಖ ಸಡಿಲವಾಗಲಿಲ್ಲ. "ಅವಳಿಗೆ ಕೊಡು" ಎಂದರು.

ಅವಳ ದನಿ ಬಂತು, ಅಮಲಿನಲ್ಲಿದ್ದವರ ಹಾಗೆ ಎಳೆದೆಳೆದು. ಇಂಗ್ಲಿಷ್ ಅಲ್ಲ, ಕೊಂಕಣಿ. "ಪಪ್ಪಾ, ನಾನು ಆರಿಸಿದ್ದೆ ಪಪ್ಪಾ. ಆರಿಸಿಯೇ ಮಲಗಿದ್ದು."

"ಗೊತ್ತು ಮಗಾ. ನಿಂದು ತಪ್ಪಿಲ್ಲ. ನಾನೇ ಕೇಳ್ಳಿಲ್ಲ ನಿನ್ನ ಹತ್ರ." ಆಮೇಲೆ ಕೇಳಿದರು, "ಮಗು ಎಲ್ಲಿ?"

"ಇಲ್ಲೇ ಇದ್ದಾಳೆ. ನನ್ನ ಎದೆಯ ಮೇಲೆ. ನಿದ್ದೆ ಮಾಡ್ತಿದ್ದಾಳೆ."

ನಿದ್ದೆ ಎಂಬ ಮಾತು ಕೇಳಿದ್ದೇ ಅವರು ಕೈಯ ಲೋಟವನ್ನು ಮಾಲೀಕರತ್ತ ಚಾಚಿದರು. ಮಾಲೀಕರು ಲೋಟ ತೆಗೆದುಕೊಂಡರು. ಮಾಸ್ತರರು ಎದ್ದು ನಿಂತು, ನನ್ನ ಕೈಯಲ್ಲಿದ್ದ ಫೋನಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಹೇಳಿದರು, "ಎಬ್ಬಿಸು ಅವಳನ್ನು."

"ಪಪ್ಪಾ, ಡಾಕ್ಟರ್ ನೋಡಿದ್ರು. ಸರಿ ಇದ್ದಾಳೆ ಅಂದ್ರು. ಈಗಷ್ಟೇ ಹಾಲು ಕುಡಿದು ಮಲಗಿದ್ದು."

"ಡಾಕ್ಟರ್ ನೋಡಿದ್ರು. ನಾನು ನೋಡ್ಲಿಲ್ಲ. ಕಾಲಿಗೆ ಸ್ವಲ್ಪ ಚಿವುಟು. ಅಳ್ಲಿ ಒಮ್ಮೆ. ನನಗೆ ಕೇಳ್ಬೇಕು."

ಆ ಕಡೆ ಬಟ್ಟೆ ಸರಿದ ಸದ್ದಾಯಿತು. ಒಂದು ಕ್ಷಣ ಏನೂ ಇಲ್ಲ. ಗೋದಾಮಿನ ಹೊರಗೆ ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುತ್ತ ಕೂಗುತ್ತಿತ್ತು, ಮಾಲೀಕರು ಕೈ ಬೀಸಿ ಅದನ್ನು ನಿಲ್ಲಿಸಿದರು. ಆಮೇಲೆ ಮೊದಲು ಸಣ್ಣಗೆ, ಮತ್ತೆ ಸಿಟ್ಟಿನಿಂದ, ಮತ್ತೆ ಆ ತಗಡಿನ ಕೋಣೆ ತುಂಬುವ ಹಾಗೆ ಮಗು ಅತ್ತಿತು.

ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ತಾಯಿ ಸುಮ್ಮನಿರಿಸಲು ಹೊರಟಾಗ, "ಇರ್ಲಿ, ಇನ್ನು ಸ್ವಲ್ಪ" ಎಂದರು. ಆಮೇಲೆ ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ನನ್ನ ಕಿವಿಯ ಹತ್ತಿರ ಹಿಡಿದರು.

"ನೀವೂ ಒಮ್ಮೆ ಕೇಳಿ" ಎಂದರು.